ಬ್ಲೂಸ್ ರಾಕ್‌ನಲ್ಲಿ ಗಿಟಾರ್ ಜಾಸ್ತಿ ಆಯ್ತು, ಹಾಡು ಎಲ್ಲಿ ಹೋಯ್ತು?

ತಂತಿಸ್ವರ

ಬ್ಲೂಸ್ ರಾಕ್, ಅಂದರೆ ಅಮೆರಿಕದ ಕರಿಯರ ಬ್ಲೂಸ್ ಹಾಡುಗಳನ್ನು ರಾಕ್ ಬ್ಯಾಂಡಿನ ಜೋರಿನಲ್ಲಿ ನುಡಿಸೋ ಸಂಗೀತ, ತುಂಬಾ ವರ್ಷದಿಂದ ಕೇಳುತ್ತಿದ್ದೇನೆ. ಈಚೆಗೆ ಒಂದು ವಿಷಯ ತಲೆ ಕೊರೆಯುತ್ತಿದೆ. ಎಷ್ಟೋ ಆಲ್ಬಂಗಳಲ್ಲಿ ಹಾಡು ಅನ್ನೋದು ಗಿಟಾರ್ ಸೋಲೋಗೆ (ಗಿಟಾರ್ ಒಂದೇ ಮುಂದೆ ನಿಂತು ನುಡಿಯೋ ಭಾಗ) ಒಂದು ನೆಪ ಅಷ್ಟೇ. ಎರಡು ಸಾಲು ಹಾಡುತ್ತಾರೆ, ಆಮೇಲೆ ಐದು ನಿಮಿಷ ಗಿಟಾರ್, ಮತ್ತೆ ಅದೇ ಎರಡು ಸಾಲು, ಮುಗೀತು. ಹಾಡಿದವನಿಗೆ ಏನು ನೋವಿತ್ತು, ಯಾಕೆ ಹಾಡಿದ, ಅದು ಯಾರಿಗೂ ಬೇಡ ಅನ್ನೋ ಹಾಗೆ.

ಉದಾಹರಣೆಗೆ ಕ್ರೀಮ್ ಬ್ಯಾಂಡಿನ 'ವೀಲ್ಸ್ ಆಫ್ ಫೈರ್' (1968) ತಗೊಳ್ಳಿ. ಅದರಲ್ಲಿರೋ ಲೈವ್ 'ಕ್ರಾಸ್‌ರೋಡ್ಸ್' ಬರೀ ನಾಲ್ಕು ನಿಮಿಷ ಚಿಲ್ಲರೆ. ಒಂದು ಸ್ವರವೂ ದಂಡ ಆಗಿಲ್ಲ, ಮೂರೂ ಜನ ಒಟ್ಟಿಗೆ ಓಡುತ್ತಾರೆ, ಎಷ್ಟು ಸಲ ಕೇಳಿದರೂ ಬೇಜಾರಾಗಲ್ಲ. ಅದರ ಮುಂದಿನ 'ಸ್ಪೂನ್‌ಫುಲ್' ಸುಮಾರು 17 ನಿಮಿಷ. ಇದೇ ಹಾಡನ್ನು ಹೌಲಿನ್ ವುಲ್ಫ್ 1960ರಲ್ಲಿ ಮೂರು ನಿಮಿಷದ ಒಳಗೆ ಹಾಡಿ ಮುಗಿಸಿದ್ದರು. ಆ ಮೂರು ನಿಮಿಷದಲ್ಲಿ ಇರೋ ಭಯ ಈ 17 ನಿಮಿಷದಲ್ಲಿ ನನಗೆ ಸಿಗುವುದಿಲ್ಲ.

ಜಾನ್ ಮೇಯಲ್ ಅವರ 'ಬ್ಲೂಸ್ ಬ್ರೇಕರ್ಸ್ ವಿತ್ ಎರಿಕ್ ಕ್ಲಾಪ್ಟನ್' (1966) ಬಗ್ಗೆಯೂ ಹೇಳಿಬಿಡುತ್ತೇನೆ. ಲೆಸ್ ಪಾಲ್ ಗಿಟಾರನ್ನು ಮಾರ್ಷಲ್ ಆಂಪ್‌ಗೆ ಹಾಕಿ ಜೋರಾಗಿ ತಿರುಗಿಸಿದಾಗ ಬರುವ ಆ ದಪ್ಪ ಸ್ವರ ಇವತ್ತಿಗೂ ಮೈ ಜುಮ್ಮೆನ್ನಿಸುತ್ತದೆ. ಆದರೆ ಮೇಯಲ್ ಅವರ ದನಿ ತೆಳು. ನನಗೆ ಆ ಆಲ್ಬಂನಲ್ಲಿ ಜಾಸ್ತಿ ಇಷ್ಟವಾಗೋದು ಕ್ಲಾಪ್ಟನ್ ತಾವೇ ಹಾಡಿರೋ 'ರ್‍ಯಾಂಬ್ಲಿನ್ ಆನ್ ಮೈ ಮೈಂಡ್'. ಅಲ್ಲಿ ಸಂಕೋಚ ಇದೆ, ಆ ಸಂಕೋಚವೇ ಚೆನ್ನಾಗಿದೆ. ಗ್ಯಾರಿ ಮೂರ್ ಅವರ 'ಸ್ಟಿಲ್ ಗಾಟ್ ದ ಬ್ಲೂಸ್' (1990) ಬಗ್ಗೆ ಎಲ್ಲರೂ ಹೊಗಳುತ್ತಾರೆ. ನನಗೆ ಅದರಲ್ಲಿ ಎಲ್ಲವೂ ಅತಿ. ಪ್ರತಿ ಸ್ವರವನ್ನೂ ಹಿಂಡಿ ಹಿಂಡಿ ಅಳಿಸುತ್ತಾರೆ.

ಇದಕ್ಕೆ ಉಲ್ಟಾ ಅಂದರೆ ಬಿ.ಬಿ. ಕಿಂಗ್ ಅವರ 'ಲೈವ್ ಅಟ್ ದ ರೀಗಲ್'. 1964ರ ನವೆಂಬರ್‌ನಲ್ಲಿ ಶಿಕಾಗೋದ ರೀಗಲ್ ಥಿಯೇಟರ್‌ನಲ್ಲಿ ರೆಕಾರ್ಡ್ ಆಗಿದ್ದು. ಅವರು ಹಾಡುವಾಗ ಗಿಟಾರ್ ನುಡಿಸೋದೇ ಇಲ್ಲ. ಸಾಲು ಮುಗಿದ ಮೇಲೆ ಲುಸಿಲ್, ಅಂದರೆ ಅವರ ಗಿಟಾರ್, ಮಾತಾಡುತ್ತಾಳೆ. ಆಮೇಲೆ ಮತ್ತೆ ಅವರು. ನಡುವೆ ಜನರ ಕಿರುಚಾಟ. ಮೂರು ಜನ ಮಾತಾಡುತ್ತಿರೋ ಹಾಗೆ ಇರುತ್ತದೆ: ಗಾಯಕ, ಗಿಟಾರ್, ಸಭೆ. ನಾನು ಬ್ಲೂಸ್ ಅಂತ ಹುಡುಕೋದು ಇದನ್ನೇ.

ಸ್ಟೀವಿ ರೇ ವಾನ್ ಅವರ 'ಟೆಕ್ಸಸ್ ಫ್ಲಡ್' (1983) ಈ ದೂರಿನಿಂದ ಹೊರಗೆ. ಎಲ್ಲರೂ ಅವರ ಬೆರಳುಗಳನ್ನೇ ಹೊಗಳುತ್ತಾರೆ, ಆದರೆ ಅವರು ಎಷ್ಟು ಒಳ್ಳೆ ಹಾಡುಗಾರ ಅಂತ ಯಾರೂ ಹೇಳಲ್ಲ.

ನನ್ನ ಪ್ರಶ್ನೆ ಇಷ್ಟೇ. ದನಿಗೂ ವಾದ್ಯಕ್ಕೂ ಈ ರೀತಿ ಮಾತುಕತೆ ನಡೆಯೋ ಆಲ್ಬಂಗಳು ಬೇರೆ ಯಾವುವು? ಹಳೆಯದು ಹೊಸದು ಎರಡೂ ಪರವಾಗಿಲ್ಲ. ನನ್ನ ದೂರು ತಪ್ಪು ಅನ್ನಿಸಿದರೆ ಅದನ್ನೂ ಹೇಳಿ.

ಚೆಸ್ 78

ನಿಮ್ಮ ದೂರು ಸರಿಯಾಗಿದೆ. ಉತ್ತರ ಶಿಕಾಗೋದಲ್ಲೇ ಇದೆ, ನೀವು ರೀಗಲ್ ತನಕ ಹೋಗಿ ಪಕ್ಕದ ಬೀದಿಗೆ ಹೋಗಿಲ್ಲ ಅಷ್ಟೇ.

ಮೊದಲು ಜೂನಿಯರ್ ವೆಲ್ಸ್ ಅವರ 'ಹೂಡೂ ಮ್ಯಾನ್ ಬ್ಲೂಸ್' (1965, ಡೆಲ್ಮಾರ್ಕ್). ಆಗ ಬ್ಲೂಸ್ ಎಲ್‌ಪಿ ಅಂದರೆ ಬಿಡಿ ಬಿಡಿ ಸಿಂಗಲ್‌ಗಳನ್ನು ಗುಡ್ಡೆ ಹಾಕಿದ್ದು. ಇದು ಹಾಗಲ್ಲ. ಕ್ಲಬ್‌ನಲ್ಲಿ ರಾತ್ರಿ ನುಡಿಸುವ ಬ್ಯಾಂಡನ್ನು ಹಾಗೇ ಸ್ಟುಡಿಯೋಗೆ ಕರೆತಂದು ಒಂದು ಪೂರ್ತಿ ಆಲ್ಬಂ ಮಾಡಿಸಿದ್ದು. ಗಿಟಾರ್ ಬಡಿ ಗೈ. ಆಗ ಬೇರೆ ಕಂಪನಿಯ ಒಪ್ಪಂದ ಅಡ್ಡ ಬರಬಹುದು ಅಂತ ಮೊದಲ ಪ್ರತಿಗಳ ಮೇಲೆ ಅವರ ಹೆಸರನ್ನು 'ಫ್ರೆಂಡ್ಲಿ ಚಾಪ್' ಅಂತ ಹಾಕಿದ್ದರು. ರೆಕಾರ್ಡಿಂಗ್ ನಡುವೆ ಅವರ ಆಂಪ್ ಕೆಟ್ಟಿತು. ಅದಕ್ಕೇ ಕೆಲವು ಹಾಡುಗಳಲ್ಲಿ ಗಿಟಾರನ್ನು ಹ್ಯಾಮಂಡ್ ಆರ್ಗನ್‌ನ ಲೆಸ್ಲಿ ಸ್ಪೀಕರ್ ಮೂಲಕ ಕೇಳಿಸಿದ್ದಾರೆ. ನೀರಿನ ಒಳಗಿಂದ ಬಂದ ಹಾಗಿದೆ ಆ ಸ್ವರ. ಮುಖ್ಯವಾಗಿ, ಆಮೇಲಿನ ವರ್ಷಗಳಲ್ಲಿ ಅಷ್ಟೊಂದು ಜೋರು ಮಾಡಿದ ಬಡಿ ಗೈ ಇಲ್ಲಿ ಎಷ್ಟು ಕಡಿಮೆ ನುಡಿಸುತ್ತಾರೆ ನೋಡಿ. ವೆಲ್ಸ್ ಉಸಿರು ತಗೊಂಡಾಗ ಮಾತ್ರ ಎರಡು ಸ್ವರ, ಮತ್ತೆ ಸುಮ್ನೆ.

ಅದೇ ಬಡಿ ಗೈ ಅವರನ್ನು ಮಡ್ಡಿ ವಾಟರ್ಸ್ ಅವರ 'ಫೋಕ್ ಸಿಂಗರ್' (1964) ಆಲ್ಬಂನಲ್ಲೂ ಕೇಳಬಹುದು. ಅಲ್ಲಿ ಕರೆಂಟೇ ಇಲ್ಲ, ಎಲ್ಲ ಅಕೌಸ್ಟಿಕ್. ಬೇಸ್ ವಿಲ್ಲಿ ಡಿಕ್ಸನ್. ಮಡ್ಡಿ ಒಂದು ಪದವನ್ನು ಎಳೆದು ಬಿಟ್ಟ ಮೇಲೆ ಕೋಣೆಯ ಪ್ರತಿಧ್ವನಿ ಕೇಳಿಸುತ್ತದೆ. ಹೆಡ್‌ಫೋನ್ ಹಾಕಿಕೊಂಡು ಕೇಳಿ.

ಜೋರು ಬೇಕಿದ್ದರೆ ಮಡ್ಡಿಯವರದ್ದೇ 'ಅಟ್ ನ್ಯೂಪೋರ್ಟ್ 1960'. ಜೇಮ್ಸ್ ಕಾಟನ್ ಹಾರ್ಮೋನಿಕಾ, ಓಟಿಸ್ ಸ್ಪ್ಯಾನ್ ಪಿಯಾನೋ. ಸ್ಪ್ಯಾನ್ ಬಗ್ಗೆ ಒಂದು ಮಾತು ಹೇಳಲೇಬೇಕು. ಮಡ್ಡಿಯ ಪ್ರತಿ ಸಾಲಿನ ಬಾಲದಲ್ಲೂ ಆ ಮನುಷ್ಯ ಒಂದು ಸಣ್ಣ ಉತ್ತರ ಸೇರಿಸುತ್ತಾರೆ, ಯಾರಿಗೂ ಅಡ್ಡ ಬರದ ಹಾಗೆ, ಆದರೆ ಅದನ್ನು ತೆಗೆದರೆ ಹಾಡೇ ಕುಸಿಯುತ್ತದೆ. ಬ್ಲೂಸ್ ಅಂದರೆ ಗಿಟಾರ್ ಅಂದುಕೊಂಡವರೆಲ್ಲ ಸ್ಪ್ಯಾನ್ ಕೇಳಬೇಕು.

ಜೊತೆಗೆ ಆಲ್ಬರ್ಟ್ ಕಿಂಗ್, 'ಬಾರ್ನ್ ಅಂಡರ್ ಎ ಬ್ಯಾಡ್ ಸೈನ್' (1967). ಹಿಂದೆ ಬುಕರ್ ಟಿ ಮತ್ತು ಎಂ.ಜಿ.ಸ್, ಅಂದರೆ ಸ್ಟಾಕ್ಸ್ ಕಂಪನಿಯ ಖಾಯಂ ಬ್ಯಾಂಡ್. ಆಲ್ಬರ್ಟ್ ಎಡಗೈಯವರು. ತಂತಿಗಳನ್ನು ಬದಲಾಯಿಸದೆ ಬಲಗೈ ಗಿಟಾರನ್ನೇ ತಿರುಗಿಸಿ ಹಿಡಿದವರು. ಹಾಗಾಗಿ ತಂತಿಯನ್ನು ಮೇಲಕ್ಕೆ ತಳ್ಳದೆ ಕೆಳಕ್ಕೆ ಎಳೆಯುತ್ತಾರೆ, ಅವರ ಬೆಂಡ್ ಯಾರಿಗೂ ಸರಿಯಾಗಿ ಬರದೇ ಇರುವುದಕ್ಕೆ ಅದೂ ಒಂದು ಕಾರಣ. ನೀವು ಹೇಳಿದ ಕ್ಲಾಪ್ಟನ್, ಸ್ಟೀವಿ ರೇ ಇಬ್ಬರೂ ಇವರಿಂದ ಕೈ ತುಂಬ ತಗೊಂಡಿದ್ದಾರೆ. ಇದರಲ್ಲಿ ಹಾಡುಗಳು ಚಿಕ್ಕವು, ದನಿ ಮೆತ್ತಗೆ, ಹಿತ್ತಾಳೆ ವಾದ್ಯಗಳು ಜಾಗ ನೋಡಿ ಬರುತ್ತವೆ.

ಬೇಡದ್ದು ಅಂದರೆ ಮಡ್ಡಿಯವರ 'ಎಲೆಕ್ಟ್ರಿಕ್ ಮಡ್' (1968). ವಾ-ವಾ, ಫಜ್ ಅಂತ ಗಿಟಾರ್ ಸ್ವರ ತಿರುಚೋ ಸಲಕರಣೆ ಎಲ್ಲ ಸುರಿದು, ತಮ್ಮದೇ ಆಲ್ಬಂನಲ್ಲಿ ಮಡ್ಡಿಯವರು ಯಾರದೋ ಮನೆಗೆ ಬಂದ ಅತಿಥಿ ಥರ ಹಾಡುತ್ತಾರೆ. ಅವರಿಗೂ ಆಮೇಲೆ ಅದು ಇಷ್ಟವಿರಲಿಲ್ಲ. ಅದರ ಬದಲು ಜಾನಿ ವಿಂಟರ್ ಮಾಡಿಸಿದ 'ಹಾರ್ಡ್ ಅಗೇನ್' (1977) ಕೇಳಿ. ಮೊದಲ ಹಾಡಿನಲ್ಲೇ ಹಿಂದಿನಿಂದ ವಿಂಟರ್ ಖುಷಿ ತಡೆಯಲಾರದೆ ಕೂಗುವುದು ಕೇಳಿಸುತ್ತದೆ. ಬ್ಲೂಸ್ ರಾಕ್‌ನವನೊಬ್ಬ ಹಿರಿಯರಿಗೆ ಗೌರವ ಕೊಟ್ಟ ರೀತಿ ಅಂದರೆ ಅದು.

ಎರಡು ಡ್ರಮ್ಸ್

ಇಬ್ಬರ ಮಾತಿಗೂ ನನ್ನ ವಿರೋಧ ಇದೆ. ಉದ್ದ ಆಗಿದ್ದಕ್ಕೆ ಮಾತುಕತೆ ನಿಲ್ಲಬೇಕು ಅಂತ ಏನೂ ಇಲ್ಲ. ಮಾತುಕತೆ ಹಾಡುಗಾರನಿಗೂ ಗಿಟಾರಿಗೂ ಮಾತ್ರ ನಡೆಯಬೇಕಾ? ವಾದ್ಯಗಳು ತಮ್ಮ ತಮ್ಮಲ್ಲೇ ಮಾತಾಡಿದರೆ ಅದು ಬ್ಲೂಸ್ ಅಲ್ವಾ?

ಆಲ್ಮನ್ ಬ್ರದರ್ಸ್ ಬ್ಯಾಂಡಿನ 'ಅಟ್ ಫಿಲ್ಮೋರ್ ಈಸ್ಟ್' (1971). ನ್ಯೂಯಾರ್ಕ್‌ನಲ್ಲಿ ಮಾರ್ಚ್ ತಿಂಗಳಲ್ಲಿ ರೆಕಾರ್ಡ್ ಆಗಿದ್ದು, ಮಾಡಿಸಿದವರು ಟಾಮ್ ಡೌಡ್. 'ವಿಪ್ಪಿಂಗ್ ಪೋಸ್ಟ್' 23 ನಿಮಿಷ ಇದೆ. ಅದರಲ್ಲಿ ಡ್ವೇನ್ ಆಲ್ಮನ್ ಮತ್ತು ಡಿಕಿ ಬೆಟ್ಸ್ ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುತ್ತಾ ಮುಂದೆ ಹೋಗುವುದನ್ನು ನೋಡಿ. ಒಂದು ಕಡೆ ಇಡೀ ಬ್ಯಾಂಡ್ ಪಿಸುಮಾತಿಗೆ ಇಳಿದು ಬಿಡುತ್ತದೆ, ಎರಡು ಡ್ರಮ್ಸ್ ಇದ್ದೂ. ಕ್ರೀಮ್‌ನಲ್ಲಿ ಮೂವರೂ ಒಂದೇ ಸಲ ಸೋಲೋ ಹೊಡೆಯುತ್ತಿರುತ್ತಾರೆ ಅನ್ನಿಸೋದು ನಿಜ, ಆ ದೂರು ಒಪ್ಪುತ್ತೇನೆ. ಇಲ್ಲಿ ಹಾಗಲ್ಲ. ಅದೇ ಆಲ್ಬಂನ 'ಇನ್ ಮೆಮೊರಿ ಆಫ್ ಎಲಿಜಬೆತ್ ರೀಡ್'ನಲ್ಲಿ ಒಂದು ಪದವೂ ಇಲ್ಲ. ಆದರೂ ಪ್ರತಿ ತುಣುಕೂ ಹಾಡಬಹುದು. ಅದು ಬಿಡುಗಡೆ ಆದ ವರ್ಷವೇ, ಅಕ್ಟೋಬರ್‌ನಲ್ಲಿ, ಡ್ವೇನ್ ಮೋಟಾರ್‌ಸೈಕಲ್ ಅಪಘಾತದಲ್ಲಿ ಹೋದರು. ವಯಸ್ಸು 24. ಇದನ್ನು ನೆನೆದಾಗಲೆಲ್ಲ ಹೊಟ್ಟೆ ಕಿವುಚಿದಂತಾಗುತ್ತದೆ.

ಇನ್ನೊಂದು, ಪಾಲ್ ಬಟರ್‌ಫೀಲ್ಡ್ ಬ್ಲೂಸ್ ಬ್ಯಾಂಡಿನ 'ಈಸ್ಟ್-ವೆಸ್ಟ್' (1966). ಅದರ ಕೊನೆಯ ಹಾಡು 13 ನಿಮಿಷ, ಪದಗಳಿಲ್ಲ. ಮೈಕ್ ಬ್ಲೂಮ್‌ಫೀಲ್ಡ್ ಆಗ ಭಾರತದ ಸಂಗೀತದ ಗುಂಗಿನಲ್ಲಿದ್ದರು. ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬದಲಾಯಿಸದೆ ಒಂದೇ ಶ್ರುತಿ ಹಿಡಿದು, ಅದರ ಮೇಲೆ ಸ್ವರ ಬೆಳೆಸುತ್ತಾ ಹೋಗುತ್ತಾರೆ. ರಾಗ ಅಂತ ಕರೆಯೋಕೆ ಆಗಲ್ಲ, ಆದರೆ ರಾಗ ಕೇಳಿದ ಕಿವಿ ಅದರ ಹಿಂದೆ ಇದೆ. ರಾಕ್‌ನಲ್ಲಿ ಉದ್ದ ಜಾಮ್ ಅನ್ನೋದಕ್ಕೆ ದಾರಿ ತೋರಿಸಿದ ಆಲ್ಬಂಗಳಲ್ಲಿ ಇದೊಂದು. ಶುರುವಿನಲ್ಲಿ ಈ ಬ್ಯಾಂಡಿನ ಬೇಸ್ ಮತ್ತು ಡ್ರಮ್ಸ್, ಜೆರೋಮ್ ಆರ್ನಾಲ್ಡ್ ಮತ್ತು ಸ್ಯಾಮ್ ಲೇ, ಬಂದಿದ್ದೇ ಹೌಲಿನ್ ವುಲ್ಫ್ ಅವರ ಬ್ಯಾಂಡಿನಿಂದ. ಮೊದಲ ಆಲ್ಬಂ (1965) ಅಷ್ಟು ಗಟ್ಟಿಯಾಗಿರೋದು ಅದಕ್ಕೇ. ಕರಿಯರು ಬಿಳಿಯರು ಒಂದೇ ಬ್ಯಾಂಡಿನಲ್ಲಿ ನಿಂತು ನುಡಿಸುವುದು ಆಗಿನ ಅಮೆರಿಕದಲ್ಲಿ ಸಣ್ಣ ವಿಷಯ ಆಗಿರಲಿಲ್ಲ.

'ಎಲೆಕ್ಟ್ರಿಕ್ ಮಡ್' ಬಗ್ಗೆ ಚೆಸ್ 78 ಅವರಷ್ಟು ಸಿಟ್ಟು ನನಗಿಲ್ಲ. ಅದನ್ನು ಮಡ್ಡಿ ಆಲ್ಬಂ ಅಂತ ಕೇಳಬೇಡಿ, ಪೀಟ್ ಕೋಸಿ ಆಲ್ಬಂ ಅಂತ ಕೇಳಿ. ಆಮೇಲೆ ಮೈಲ್ಸ್ ಡೇವಿಸ್ ಜೊತೆ ನುಡಿಸಿದ ಗಿಟಾರಿಸ್ಟ್ ಅವರು. ಎಷ್ಟೋ ವರ್ಷದ ನಂತರ ಹಿಪ್-ಹಾಪ್‌ನವರಿಗೆ, ಚಕ್ ಡಿ ಅಂಥವರಿಗೆ, ಬ್ಲೂಸ್‌ನ ಬಾಗಿಲು ತೆರೆದಿದ್ದು ಈ ಆಲ್ಬಂ. ಅದಕ್ಕಾದರೂ ಒಂದು ಮರ್ಯಾದೆ ಕೊಡಬೇಕು.

ಗ್ಯಾರಿ ಮೂರ್ ವಿಷಯಕ್ಕೆ ಬಂದರೆ, ಅವರ 'ಬ್ಲೂಸ್ ಫಾರ್ ಗ್ರೀನಿ' (1995) ಕೇಳಿ ನೋಡಿ. ಪೀಟರ್ ಗ್ರೀನ್ ಅವರ ಹಾಡುಗಳನ್ನು ಪೀಟರ್ ಗ್ರೀನ್ ಅವರದ್ದೇ ಆಗಿದ್ದ ಲೆಸ್ ಪಾಲ್‌ನಲ್ಲಿ ನುಡಿಸಿದ್ದಾರೆ. ಆ ಗಿಟಾರ್ ಕೈಗೆ ಬಂದಾಗ ತಾನೇ ಮೆತ್ತಗಾದರೇನೋ ಅನ್ನಿಸುತ್ತದೆ. ಹಾಗೇ ಅಲ್ಲಿಂದ ಮೂಲಕ್ಕೆ ಹೋಗಿ: ಮೇಯಲ್ ಜೊತೆಗಿನ 'ಎ ಹಾರ್ಡ್ ರೋಡ್' (1967), ಆಮೇಲೆ ಫ್ಲೀಟ್‌ವುಡ್ ಮ್ಯಾಕ್‌ನ 'ದೆನ್ ಪ್ಲೇ ಆನ್' (1969). ಪೀಟರ್ ಗ್ರೀನ್ ಕಡಿಮೆ ಸ್ವರದವರು. ಬೇರೆಯವರು ಹತ್ತು ಸ್ವರ ಹಾಕೋ ಕಡೆ ಒಂದನ್ನು ಹಿಡಿದು ನಿಲ್ಲುತ್ತಾರೆ. 'ದ ಸೂಪರ್‌ನ್ಯಾಚುರಲ್'ನಲ್ಲಿ ಒಂದು ಸ್ವರ ಎಷ್ಟು ಹೊತ್ತು ನಿಲ್ಲುತ್ತದೆ ಅಂದರೆ ನಮ್ಮ ಉಸಿರೂ ಅದರ ಜೊತೆ ನಿಂತುಬಿಡುತ್ತದೆ. ದನಿಯೂ ಹಾಗೇ, ದಣಿದ ದನಿ, ನಾಟಕ ಇಲ್ಲ. ತಂತಿಸ್ವರ ಅವರಿಗೆ ಬೇಕಾಗಿರೋದು ಇವರೇ ಅನ್ನೋದು ನನ್ನ ಊಹೆ.

ಮಿನ್ನಿ ಕೇಳುಗಿ

ದನಿ ದನಿ ಅಂತ ಇಷ್ಟು ಮಾತಾಡಿದಿರಿ, ಇಷ್ಟು ಉದ್ದದ ಮಾತಿನಲ್ಲಿ ಒಬ್ಬ ಹೆಣ್ಣುಮಗಳ ಹೆಸರೂ ಬಂದಿಲ್ಲ. ಬ್ಲೂಸ್ ರೆಕಾರ್ಡುಗಳು ಮಾರಾಟ ಆಗೋಕೆ ಶುರುವಾಗಿದ್ದೇ ಹೆಂಗಸರಿಂದ. 1920ರಲ್ಲಿ ಮೇಮಿ ಸ್ಮಿತ್ ಹಾಡಿದ 'ಕ್ರೇಜಿ ಬ್ಲೂಸ್' ಅಷ್ಟು ಮಾರಾಟವಾದ ಮೇಲೇ ಕಂಪನಿಗಳು ಕರಿಯ ಗಾಯಕಿಯರನ್ನು ಹುಡುಕಿಕೊಂಡು ಹೋದವು. ಗಿಟಾರ್ ಹಿಡಿದ ಗಂಡಸರು ಆಮೇಲೆ ಬಂದರು.

ನೀವು ಕೇಳಿದ ಮಾತುಕತೆಗೆ ಬೆಸಿ ಸ್ಮಿತ್ ಅವರ 1925ರ 'ಸೇಂಟ್ ಲೂಯಿಸ್ ಬ್ಲೂಸ್' ಕೇಳಿ. ಕಾರ್ನೆಟ್ (ಟ್ರಂಪೆಟ್ ಥರದ ಊದುವ ವಾದ್ಯ) ನುಡಿಸಿರೋದು ಲೂಯಿ ಆರ್ಮ್‌ಸ್ಟ್ರಾಂಗ್. ಬೆಸಿ ಒಂದು ಸಾಲು ಹಾಡುತ್ತಾರೆ, ಕಾರ್ನೆಟ್ ಅದನ್ನು ಎತ್ತಿಕೊಂಡು ಉತ್ತರ ಕೊಡುತ್ತದೆ, ಆ ಉತ್ತರ ಕೇಳಿಸಿಕೊಂಡೇ ಅವರು ಮುಂದಿನ ಸಾಲಿಗೆ ಹೋಗುತ್ತಾರೆ. ಬಿ.ಬಿ. ಕಿಂಗ್ ಮತ್ತು ಲುಸಿಲ್ ಮಾಡಿದ್ದನ್ನು ಇವರಿಬ್ಬರು ಸುಮಾರು 40 ವರ್ಷ ಮೊದಲೇ ಮಾಡಿದ್ದಾರೆ, ಹಿಂದೆ ಒಂದು ಹಾರ್ಮೋನಿಯಂ ಅಷ್ಟೇ. ಡ್ರಮ್ಸ್ ಇಲ್ಲ, ಬೇಸ್ ಇಲ್ಲ.

ಮೆಂಫಿಸ್ ಮಿನ್ನಿ ನನ್ನ ಇಷ್ಟದವರು. 'ವೆನ್ ದ ಲೆವೀ ಬ್ರೇಕ್ಸ್' ಅಂದ ಕೂಡಲೇ ಎಲ್ಲರೂ ಲೆಡ್ ಜೆಪೆಲಿನ್ (1971) ಅನ್ನುತ್ತಾರೆ. ಅದು 1929ರ ಹಾಡು. 1927ರಲ್ಲಿ ಮಿಸಿಸಿಪ್ಪಿ ನದಿ ಉಕ್ಕಿ ಲಕ್ಷಾಂತರ ಜನ ಮನೆ ಕಳೆದುಕೊಂಡ ಪ್ರವಾಹದ ಬಗ್ಗೆ. ಮೂಲದಲ್ಲಿ ಹಾಡಿರೋದು ಅವರ ಗಂಡ ಕಾನ್ಸಸ್ ಜೋ ಮೆಕಾಯ್, ಗಿಟಾರಿನಲ್ಲಿ ಹೆಣೆದುಕೊಂಡು ಹೋಗುವ ಚುರುಕು ಬೆರಳು ಮಿನ್ನಿಯದು. ಅಂದರೆ ಇಲ್ಲಿ ಗಂಡಸು ಹಾಡಿದ್ದಾನೆ, ಹೆಂಗಸು ಗಿಟಾರ್ ನುಡಿಸಿದ್ದಾರೆ. ಜೆಪೆಲಿನ್ ಆವೃತ್ತಿಯನ್ನು ನಾನು ತೆಗಳಲ್ಲ. ಮೆಟ್ಟಿಲಿರೋ ದೊಡ್ಡ ಹಜಾರದಲ್ಲಿ ಡ್ರಮ್ಸ್ ಇಟ್ಟು, ಮೈಕನ್ನು ಮೇಲೆ ನೇತುಹಾಕಿ ರೆಕಾರ್ಡ್ ಮಾಡಿದ ಆ ಏಟು ಕೇಳಿದರೆ ಕಟ್ಟೆ ಒಡೆದಂತೆಯೇ ಇದೆ. ಆದರೆ ಅದು ಪ್ರವಾಹದ ದೊಡ್ಡತನ ತೋರಿಸುತ್ತದೆ. ಮೂಲದಲ್ಲಿ ಅದನ್ನು ಅನುಭವಿಸಿದವರು ಸಲೀಸಾಗಿ, ಗೋಳಾಡದೆ ಹೇಳುತ್ತಾರೆ, ನನಗೆ ಅದೇ ಜಾಸ್ತಿ ತಟ್ಟುತ್ತದೆ.

ಆಲ್ಬಂ ಬೇಕು ಅಂದರೆ ಬಿಗ್ ಮಾಮಾ ಥಾರ್ನ್‌ಟನ್ ಅವರ 'ಇನ್ ಯೂರೋಪ್'. 1965ರಲ್ಲಿ ಲಂಡನ್‌ನಲ್ಲಿ ರೆಕಾರ್ಡ್ ಮಾಡಿದ್ದು, ಇದರಲ್ಲೂ ಬಡಿ ಗೈ ಇದ್ದಾರೆ. ಇವರ 'ಬಾಲ್ ಅಂಡ್ ಚೈನ್' ಹಾಡನ್ನೇ ಜಾನಿಸ್ ಜಾಪ್ಲಿನ್ 'ಚೀಪ್ ಥ್ರಿಲ್ಸ್' (1968) ಆಲ್ಬಂನಲ್ಲಿ ಹಾಡಿದ್ದು. ಜಾನಿಸ್ ಗಂಟಲು ಹರಿಯೋ ಹಾಗೆ ಹಾಡುತ್ತಾರೆ, ಅವರ ಹಾದಿ ಅದು, ಪ್ರಾಮಾಣಿಕ. ಥಾರ್ನ್‌ಟನ್ ದನಿ ಏರಿಸದೆ ಅದೇ ಭಾರ ಹೊರಿಸುತ್ತಾರೆ.

ಬಾನಿ ರೇಟ್ ಅವರ 'ಗಿವ್ ಇಟ್ ಅಪ್' (1972) ಮರೀಬೇಡಿ. ಸ್ಲೈಡ್ ಗಿಟಾರನ್ನು (ತಂತಿ ಮೇಲೆ ಗಾಜು ಅಥವಾ ಲೋಹದ ಕೊಳವೆ ಜಾರಿಸಿ ನುಡಿಸೋದು) ಇಷ್ಟು ಅಳತೆಯಲ್ಲಿ ಬಳಸಿದವರು ಕಡಿಮೆ. ಹಾಡಿಗೆ ಎಲ್ಲಿ ಬೇಕೋ ಅಲ್ಲಿ ಮಾತ್ರ ಬರುತ್ತದೆ. ಇದರಲ್ಲಿ ಸಿಪಿ ವಾಲೆಸ್ ಅವರ ಹಾಡಿದೆ, 1920ರ ದಶಕದಲ್ಲಿ ರೆಕಾರ್ಡ್ ಮಾಡುತ್ತಿದ್ದ ಗಾಯಕಿ ಅವರು. ಬಾನಿ ಅವರ ಹಾಡು ಹಾಡಿದ್ದಷ್ಟೇ ಅಲ್ಲ, ಆಮೇಲೆ ಅವರನ್ನೇ ತಮ್ಮ ಜೊತೆ ವೇದಿಕೆಗೆ ಕರೆದುಕೊಂಡು ಹೋದರು.

ಯಾರ ಹಾಡು ಅನ್ನೋ ಮಾತು ಬಂದಿದ್ದಕ್ಕೆ ಇನ್ನೊಂದು. ಜೆಪೆಲಿನ್‌ನ ಮೊದಲ ಆಲ್ಬಂನಲ್ಲಿ ವಿಲ್ಲಿ ಡಿಕ್ಸನ್ ಅವರ ಎರಡು ಹಾಡಿಗೆ ಅವರ ಹೆಸರು ಹಾಕಿದ್ದರು. ಆದರೆ ಎರಡನೇ ಆಲ್ಬಂನಲ್ಲಿ, ಅವರ ಹಾಡಿನಿಂದ ಸಾಲು ಎತ್ತಿಕೊಂಡ 'ಹೋಲ್ ಲಾಟಾ ಲವ್'ಗೆ ಹಾಕಲಿಲ್ಲ. ಡಿಕ್ಸನ್ 1985ರಲ್ಲಿ ಕೇಸು ಹಾಕಬೇಕಾಯಿತು, ಆಮೇಲೆ ಕೋರ್ಟಿನ ಹೊರಗೆ ರಾಜಿ ಆಯಿತು. ಸಂಗೀತ ಎಷ್ಟೇ ಇಷ್ಟ ಆಗಲಿ, ಬರೆದವರ ಹೆಸರು ಬಿಡೋದು ಅನ್ಯಾಯ. ಆಲ್ಬಂ ಹಿಂದುಗಡೆ ಚಿಕ್ಕ ಅಕ್ಷರದಲ್ಲಿರೋ ಹೆಸರುಗಳನ್ನು ಓದಿ, ಮುಂದೆ ಏನು ಕೇಳಬೇಕು ಅಂತ ಅವೇ ಹೇಳುತ್ತವೆ.

ಒಂದೇ ಕಾರ್ಡ್

ಚಿಕ್ಕದಾಗಿ ಹೇಳುತ್ತೇನೆ. ಎಲ್ಲರೂ ಶಿಕಾಗೋ, ಲಂಡನ್ ಅಂತಲೇ ಇದ್ದೀರಿ. ಮಿಸಿಸಿಪ್ಪಿಯ ಉತ್ತರದ ಗುಡ್ಡಗಾಡಿನ ಬ್ಲೂಸ್ ಬೇರೆಯೇ. ಬ್ಲೂಸ್‌ನ ಮಾಮೂಲಿ ಚೌಕಟ್ಟಾದ ಹನ್ನೆರಡು ಬಾರ್ (ತಾಳದ ಆವರ್ತ) ಇಲ್ಲ, ಮೂರು ಕಾರ್ಡ್ ಇಲ್ಲ. ಒಂದೇ ಲಯ ಸುತ್ತುತ್ತಾ ಇರುತ್ತದೆ, ದನಿ ಅದರ ಒಳಗೆ ಹೋಗಿ ಬರುತ್ತದೆ. ಜೂನಿಯರ್ ಕಿಂಬ್ರೋ ಅವರ 'ಆಲ್ ನೈಟ್ ಲಾಂಗ್' (1992) ಇದಕ್ಕೆ ಒಳ್ಳೆ ಬಾಗಿಲು. ಜನ ಕುಡಿದು ಕುಣಿಯುತ್ತಿದ್ದ ಅವರ ಜೂಕ್ ಜಾಯಿಂಟ್‌ನಲ್ಲೇ ರೆಕಾರ್ಡ್ ಮಾಡಿದ್ದು. ಇಲ್ಲಿ ಸೋಲೋ ಅನ್ನೋದೇ ಹೆಚ್ಚುಕಡಿಮೆ ಇಲ್ಲ.

ಹೊಸದರಲ್ಲಿ ಬ್ಲ್ಯಾಕ್ ಕೀಸ್‌ನ 'ಡೆಲ್ಟಾ ಕ್ರೀಮ್' (2021). ಹೆಚ್ಚಿನವು ಇದೇ ಪ್ರದೇಶದ ಹಾಡುಗಳು. ಅಲ್ಲಿಯ ಹಿರಿಯ ಗಾಯಕ ಆರ್.ಎಲ್. ಬರ್ನ್‌ಸೈಡ್ ಜೊತೆ ವರ್ಷಗಟ್ಟಲೆ ನುಡಿಸಿದ ಕೆನಿ ಬ್ರೌನ್ ಇದರಲ್ಲಿ ಗಿಟಾರ್ ನುಡಿಸಿದ್ದಾರೆ, ಅದಕ್ಕೇ ಲಯ ಸರಿಯಾಗಿ ಕೂತಿದೆ. ಇನ್ನೂ ಚಿಕ್ಕವರು ಬೇಕಿದ್ದರೆ ಕ್ಲಾರ್ಕ್ಸ್‌ಡೇಲ್‌ನ ಕ್ರಿಸ್ಟೋನ್ 'ಕಿಂಗ್‌ಫಿಶ್' ಇಂಗ್ರಾಮ್, ಹುಟ್ಟಿದ್ದು 1999. ಅವರ '662' (2021) ಬ್ಲೂಸ್ ರಾಕ್ ಕಡೆಗೆ ವಾಲುತ್ತದೆ, ಸೋಲೋ ಸ್ವಲ್ಪ ಜಾಸ್ತಿಯೇ, ಆದರೆ ಆ ತುಂಬು ದನಿ ಕೇಳಿ.

ತಂತಿಸ್ವರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒಂದೊಂದಾಗಿ ಕೇಳುತ್ತಿದ್ದೇನೆ.

'ಹೂಡೂ ಮ್ಯಾನ್ ಬ್ಲೂಸ್' ನಾನು ಕೇಳಿದ್ದಕ್ಕೆ ನೇರ ಉತ್ತರ. ಡ್ರಮ್ಸ್ ಕೂಡ ಅಲ್ಲಿ ದನಿ ಕೇಳಿಸಿಕೊಂಡು ನುಡಿಯುತ್ತದೆ. ಪೀಟರ್ ಗ್ರೀನ್ ಬಗ್ಗೆ ಎರಡು ಡ್ರಮ್ಸ್ ಅವರ ಊಹೆ ನಿಜ. 'ದೆನ್ ಪ್ಲೇ ಆನ್' ನಿಲ್ಲಿಸೋಕೆ ಆಗುತ್ತಿಲ್ಲ. 'ಈಸ್ಟ್-ವೆಸ್ಟ್' ಮೊದಲರ್ಧ ಹಿಡಿಸಿತು, ಕೊನೆಯಲ್ಲಿ ವೇಗ ಏರಿಸುತ್ತಾ ಹೋಗೋದು ನನಗೆ ಇನ್ನೂ ಒಪ್ಪಿಗೆಯಾಗಿಲ್ಲ. ಫಿಲ್ಮೋರ್ ವಿಷಯದಲ್ಲಿ ಬ್ಯಾಂಡ್ ಪಿಸುಮಾತಿಗೆ ಇಳಿಯೋ ಜಾಗಕ್ಕೆ ನಾನು ಸೋತೆ, ಆದರೆ 'ಸ್ಪೂನ್‌ಫುಲ್' ಬಗ್ಗೆ ನನ್ನ ಮಾತು ಬದಲಾಗಲ್ಲ.

ಬೆಸಿ ಸ್ಮಿತ್ ಬಗ್ಗೆ ಏನು ಹೇಳಲಿ ಮೇಡಂ, ಆ ಕಾರ್ನೆಟ್ ಉತ್ತರ ಕೇಳುವಾಗ ಅದು 1925 ಅನ್ನೋದೇ ಮರೆತು ಹೋಗುತ್ತದೆ. ಕಿಂಬ್ರೋ ಇನ್ನೂ ಕೇಳಬೇಕು.

ಇನ್ನೊಂದು ಪ್ರಶ್ನೆ. 1930ರ ದಶಕದ ಬ್ಲೂಸ್ ಗಾಯಕ ರಾಬರ್ಟ್ ಜಾನ್ಸನ್ ಅವರನ್ನು ಕೇಳಲೇಬೇಕು ಅಂತ ಎಲ್ಲರೂ ಅನ್ನುತ್ತಾರೆ. ಪ್ರತಿ ಸಲ ಶುರು ಮಾಡುತ್ತೇನೆ, ಅರ್ಧಕ್ಕೆ ಬರುವಷ್ಟರಲ್ಲಿ ಎಲ್ಲ ಹಾಡೂ ಒಂದೇ ಥರ ಅನ್ನಿಸಿ ಗಮನ ತಪ್ಪುತ್ತದೆ. ಹೇಗೆ ಕೇಳಬೇಕು?

ಚೆಸ್ 78

ಆಲ್ಬಂ ಥರ ಕೇಳಬೇಡಿ, ಅದೇ ತೊಂದರೆ. ಅವರ ಹಾಡುಗಳು ಒಟ್ಟು 29, 1936ರಲ್ಲಿ ಸ್ಯಾನ್ ಆಂಟೋನಿಯೋದಲ್ಲಿ, 1937ರಲ್ಲಿ ಡಾಲಸ್‌ನಲ್ಲಿ ರೆಕಾರ್ಡ್ ಆದವು. ಎಲ್ಲವೂ 78 ಆರ್‌ಪಿಎಂ ತಟ್ಟೆಗೋಸ್ಕರ ಮಾಡಿದ್ದು. ತಟ್ಟೆಯ ಒಂದು ಮುಖಕ್ಕೆ ಸುಮಾರು ಮೂರು ನಿಮಿಷ. ಜನ ಒಂದು ಹಾಡು ಹಾಕಿ, ಅದು ಮುಗಿದ ಮೇಲೆ ಎದ್ದು ಹೋಗಿ ತಿರುಗಿಸಿ ಹಾಕಬೇಕಿತ್ತು. ಜಾನ್ಸನ್ 1938ರಲ್ಲೇ ತೀರಿಕೊಂಡರು, ಎಲ್‌ಪಿ ಬಂದಿದ್ದು 1961ರಲ್ಲಿ, 'ಕಿಂಗ್ ಆಫ್ ದ ಡೆಲ್ಟಾ ಬ್ಲೂಸ್ ಸಿಂಗರ್ಸ್' ಅಂತ, 16 ಹಾಡು. ಕ್ಲಾಪ್ಟನ್ ಕಾಲದವರು ಕಲಿತಿದ್ದು ಅದನ್ನು ಕೇಳಿಯೇ. ಆಮೇಲೆ ಬಂದ ಪೂರ್ತಿ ಸಂಗ್ರಹದಲ್ಲಿ ಒಂದೇ ಹಾಡಿನ ಎರಡೆರಡು ಟೇಕ್ ಅಕ್ಕಪಕ್ಕದಲ್ಲೇ ಇರುತ್ತವೆ, ಅದನ್ನು ಒಂದೇ ಉಸಿರಿಗೆ ಕೇಳಿದರೆ ಯಾರಿಗಾದರೂ ತಲೆ ಕೆಡುತ್ತದೆ.

ಒಂದು ಹೊತ್ತಿಗೆ ಎರಡೇ ಹಾಡು ಸಾಕು. 'ಕಮ್ ಆನ್ ಇನ್ ಮೈ ಕಿಚನ್' ಮೊದಲು ಕೇಳಿ. ಅದರಲ್ಲಿ ಹಾಡುತ್ತಾ ಹಾಡುತ್ತಾ ದನಿ ಇಳಿಸಿ ಗಾಳಿ ಊಳಿಡೋದನ್ನು ಕೇಳಿ ಅನ್ನುತ್ತಾರೆ, ಕೂಡಲೇ ಸ್ಲೈಡ್ ಆ ಗಾಳಿ ಆಗುತ್ತದೆ. ನೀವು ಹುಡುಕುತ್ತಿರೋ ಮಾತುಕತೆ ಒಬ್ಬನೇ ಮನುಷ್ಯನಲ್ಲಿ. ಅದಾದ ಮೇಲೆ 'ಕ್ರಾಸ್ ರೋಡ್ ಬ್ಲೂಸ್', ಆಮೇಲೆ ತಕ್ಷಣ ಕ್ರೀಮ್‌ನದ್ದು ಹಾಕಿ ನೋಡಿ. ಕೇಳಿದ ಮೇಲೆ ಇಲ್ಲೇ ಬರೆಯಿರಿ, ಸನ್ ಹೌಸ್ ಅವರ 1965ರ ಆಲ್ಬಂ ಬಗ್ಗೆ ಆಮೇಲೆ ಮಾತಾಡೋಣ.